ಕಂಬಳಿ ಹಾಸಿದ ಮಧ್ಯಾಹ್ನ

ರೆಸಾರ್ಟಿನ ಊಟದ ಮನೆಯಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ, ಹಿಂದೆಯೇ ಇದ್ದ ಮಗಳು ತೇಜಶ್ರೀ ತನ್ನ ತಾಯಿಯನ್ನು "ಅವ್ವ, ನನ್ನ ಬೀರುವಲ್ಲಿದ್ದ ಮೊಳಕಾಲ್ಮುರು ಸೀರೆ ನೀನೇನಾದ್ರೂ ತೆಗೆದಿಟ್ಟಿದೀಯಾ?" ಎಂದು ಕೇಳಿದ್ದು ಕಲ್ಲೇಶಪ್ಪನ ಕಿವಿಗೆ ಬಿತ್ತು. ಅವನು ಇಡ್ಲಿಯ ಮೇಲೆ ಸಾಂಬಾರು ಸುರಿದುಕೊಳ್ಳುತ್ತಿದ್ದ. ಸುರಿದುಕೊಳ್ಳುತ್ತಲೇ ಹೋದ. ಸಾಂಬಾರು ತಟ್ಟೆಯ ಅಂಚು ದಾಟಿ ಹೆಬ್ಬೆರಳು ಸುಟ್ಟಮೇಲೆ ಸೌಟು ಕೆಳಗಿಟ್ಟು, ಇದನ್ನೂ ಸಾಂಬಾರು ಅಂತಾರಲ್ಲ ಈ ಜನ, ಎಂದು ಗಟ್ಟಿಯಾಗಿಯೇ ಅಂದ. ಹೆಂಡತಿ ಪ್ರೇಮಲತಾ "ನಾನ್ಯಾಕೆ ತೆಗೀಲಿ? ಕವರಿನಲ್ಲಿ ಹಾಕಿಟ್ಟಿದ್ಯಲ್ಲ, ಅಲ್ಲೇ ಇರುತ್ತೆ ನೋಡು" ಎಂದಳು. "ಇಲ್ಲ. ಹೊರಡೋವಾಗ ನೋಡ್ದೆ" ಎಂದಳು ಮಗಳು. ಅಷ್ಟಕ್ಕೆ ಮಾತು ನಿಂತಿತು. ಸಾಲಿನಲ್ಲಿ ಮುಂದಿದ್ದ ದಪ್ಪ ಮನುಷ್ಯನೊಬ್ಬ ಒಂದೇ ತಟ್ಟೆಗೆ ಪೂರಿ, ಕೇಕು, ಕಲ್ಲಂಗಡಿ, ಆಮ್ಲೆಟ್ಟು ಎಲ್ಲವನ್ನೂ ಪೇರಿಸಿಕೊಳ್ಳುತ್ತಿದ್ದ. ದುಡ್ಡು ಕೊಟ್ಟಿದ್ದೇನೆಂದು ಹೊಟ್ಟೆಯನ್ನು ಗೋಣಿಚೀಲ ಮಾಡಿಕೊಂಡವನು. ಕಲ್ಲೇಶಪ್ಪ ಅವನನ್ನು ಮನಸಾರೆ ತುಚ್ಛವಾಗಿ ನೋಡಿದ. ಇನ್ನೊಬ್ಬರನ್ನು ಹಾಗೆ ನೋಡುತ್ತಿದ್ದಾಗಲೆಲ್ಲ ಅವನ ಎದೆಬಡಿತ ತಹಬಂದಿಗೆ ಬರುತ್ತಿತ್ತು.

ಸೀರೆ ಬೀರುವಿನಲ್ಲಿರಲಿಲ್ಲ. ಚಳ್ಳಕೆರೆಯ ಮನೆಯಲ್ಲೇ ಇರಲಿಲ್ಲ. ಅದನ್ನು ಅವನೇ ಕಾರಿನ ಹಿಂದಿನ ಸೀಟಿನಲ್ಲಿ ಹಾಕಿಕೊಂಡು ಹೋಗಿ, ಮೊಳಕಾಲ್ಮುರಿನಲ್ಲಿ ನೇಯ್ದವಳ ಕೈಗೇ ಕೊಟ್ಟು ಬಂದಿದ್ದ. ಮಗಳಿಗೆ ಗೊತ್ತಿಲ್ಲ, ಹೆಂಡತಿಗೆ ಗೊತ್ತಿಲ್ಲ, ಯಾರಿಗೂ ಗೊತ್ತಾಗುವ ಅಗತ್ಯವೂ ಇಲ್ಲ. ಅದಕ್ಕೇ ಈ ದ್ವೀಪ. ತೇಜಶ್ರೀ ಸ್ಕೂಲಿನಲ್ಲಿದ್ದಾಗ ಅಂಡಮಾನಿನ ಈ ಚಿಕ್ಕ ದ್ವೀಪಕ್ಕೆ ಬಂದಿದ್ದರು. ಆಗ ಅವಳು ಅವನ ಹೆಗಲ ಮೇಲೆ ಕೂತು, ಸಮುದ್ರದೊಳಗೆ ಇನ್ನೂ ಮುಂದೆ ಹೋಗು ಅಪ್ಪ, ಇನ್ನೂ ಮುಂದೆ, ಎಂದು ಕಿರುಚಿದ್ದಳು. ವಾಪಸ್ಸು ಊರಿಗೆ ಹೋದಮೇಲೂ ವರ್ಷಗಟ್ಟಲೆ, ಮತ್ತೆ ಯಾವಾಗ ಹೋಗೋದು ಎಂದು ಪೀಡಿಸುತ್ತಿದ್ದಳು. ಅವನೂ ಇದನ್ನು ತನ್ನ ದ್ವೀಪ ಎಂದೇ ಮಾತಾಡುತ್ತಿದ್ದ. ಗಾಣದ ಮಿಲ್ಲಿನಲ್ಲಿ ಕೂತು, ಮೈಗೆ ಶೇಂಗಾ ಹಿಂಡಿಯ ವಾಸನೆ ಮೆತ್ತಿಸಿಕೊಂಡು, ಮಾರ್ಕೆಟ್ಟಿನ ದಲ್ಲಾಳಿಗಳಿಗೆ ಇಲ್ಲಿಯ ನೀರಿನ ಬಣ್ಣ ವರ್ಣಿಸುತ್ತಿದ್ದ. ಅವರು ಹೌದಾ ಸಾವ್ಕಾರ್ರೆ ಎಂದು ಬಾಯಿ ಬಿಡುತ್ತಿದ್ದರು. ತುಂಗಭದ್ರೆಯನ್ನೇ ಸಮುದ್ರ ಎಂದುಕೊಂಡ ಜನ. ಮಗಳನ್ನು ಈಗ ಹೆಗಲ ಮೇಲೆ ಹೊರುವ ಹಾಗಿಲ್ಲವಾದ್ದರಿಂದ ವಿಮಾನದ ಟಿಕೆಟ್ಟು ತೆಗೆಸಿದ್ದ. ನೀರು, ಮರಳು, ಚಿಪ್ಪು, ಹಳೆಯ ನಗು. ಊರಿಗೆ ಮರಳುವಷ್ಟರಲ್ಲಿ ಅವಳು ಮೆಚ್ಚಿದ ಆ ಹುಡುಗ ಅವಳ ತಲೆಯಿಂದ ಇಳಿದಿರುತ್ತಾನೆ ಎಂಬುದು ಅವನ ಲೆಕ್ಕ. ದ್ವೀಪದಲ್ಲಿ ದೋಣಿ ನಿಲ್ಲುವ ಜೆಟ್ಟಿಯ ಬಳಿ ಬಿಟ್ಟರೆ ಎಲ್ಲೂ ನೆಟ್‌ವರ್ಕ್ ಸಿಗುತ್ತಿರಲಿಲ್ಲ ಎನ್ನುವುದನ್ನೂ ಅವನು ಮರೆತಿರಲಿಲ್ಲ.

ಹುಡುಗ ಓಬಳೇಶ್. ಬಿ.ಜಿ. ಕೆರೆಯ ಹೈಸ್ಕೂಲಿನಲ್ಲಿ ಇವಳ ಹಾಗೆಯೇ ಅತಿಥಿ ಶಿಕ್ಷಕ. ಇವಳು ಚಳ್ಳಕೆರೆಯಿಂದ ಪ್ರೈವೇಟ್ ಬಸ್ಸಿನಲ್ಲಿ ಹೋಗಬೇಕು, ಅವನು ಮೊಳಕಾಲ್ಮುರಿನಿಂದ ಬರಬೇಕು, ಇಬ್ಬರೂ ನಡುವೆ ಸಿಕ್ಕಬೇಕು. ಸರ್ಕಾರ ಕೊಡುವ ಪುಡಿಗಾಸಿಗೆ ಪಾಠ ಹೇಳುವವರಿಗೆ ಪ್ರೀತಿ ಮಾಡುವಷ್ಟು ಪುರುಸೊತ್ತು ಹೇಗೆ ಸಿಕ್ಕಿತೋ. ಮಗಳು ಮುಚ್ಚುಮರೆ ಮಾಡದೆ ಬಂದು ಹೇಳಿದಾಗ ಕಲ್ಲೇಶಪ್ಪ ಕೂಗಾಡಲಿಲ್ಲ. ನೋಡಾಣ ಬಿಡವ್ವ, ಒಳ್ಳೇ ಹುಡುಗ ಇದ್ರೆ ಜಾತಿ ಕಟ್ಕೊಂಡು ಏನು, ಎಂದ. ಹಾಗೆ ಅನ್ನಲೇಬೇಕಿತ್ತು. ಊರಿನಲ್ಲಿ ಸಾಮೂಹಿಕ ಮದುವೆ ನಡೆದಾಗ ಮೈಕಿನ ಮುಂದೆ ನಿಂತು, ಜಾತಿಯ ಗೋಡೆ ಒಡೆಯುವ ಕೆಲಸ ನಮ್ಮ ನಮ್ಮ ಮನೆಯಿಂದ ಶುರುವಾಗಬೇಕು ಎಂದು ಹೇಳಿ ಚಪ್ಪಾಳೆ ಹೊಡೆಸಿಕೊಂಡಿದ್ದ. ಆ ದಿನ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ತೇಜಶ್ರೀಯೇ. ಅವಳ ಕಣ್ಣಿನಲ್ಲಿ ಅಂದು ಕಂಡ ಅಪ್ಪನನ್ನು ಕಳೆದುಕೊಳ್ಳುವುದು ಅವನಿಂದ ಸಾಧ್ಯವಿರಲಿಲ್ಲ. ನೇಕಾರರ ಮನೆಗೆ ಮಗಳನ್ನು ಕೊಡುವುದೂ ಸಾಧ್ಯವಿರಲಿಲ್ಲ. ಎರಡನ್ನೂ ತಪ್ಪಿಸುವ ದಾರಿ ಹುಡುಕಿಕೊಂಡು ಒಂದು ಮಧ್ಯಾಹ್ನ ಮೊಳಕಾಲ್ಮುರಿಗೆ ಹೋಗಿದ್ದ.

ಗಲ್ಲಿಯ ಕೊನೆಯ ಮನೆ. ಹಗಲಲ್ಲೂ ಟ್ಯೂಬ್‌ಲೈಟು. ಹುಡುಗನ ತಾಯಿ ಈಶ್ವರಮ್ಮ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೆಲದ ಮಟ್ಟದಲ್ಲಿ ಕೂತಿದ್ದಳು. ಅವನು ನಿಂತಿದ್ದರಿಂದ ಅವಳ ತಲೆ ಅವನ ಮೊಣಕಾಲಿನ ಹತ್ತಿರ ಇತ್ತು. ಹಾಗಿರುವುದು ಅವನಿಗೆ ಸರಿಯೆನ್ನಿಸಿತು. "ಕುಂತ್ಕಳ್ರಿ ಅಣ್ಣಾ" ಎಂದು ಗೋಡೆಗೆ ಒರಗಿಸಿದ್ದ ಚಾಪೆ ತೋರಿಸಿದಳು. ಪ್ಯಾಂಟಿಗೆ ಧೂಳಾಗುತ್ತದೆಂದು ಅವನು ಕೂರಲಿಲ್ಲ. "ನಾನಾಗಿ ಬಂದಿಲ್ಲಮ್ಮ, ಮಗಳೇ ಕಳಿಸಿದ್ಲು. ಏನೋ ಹುಡುಗುಬುದ್ಧಿ, ಈಗ ಬೇಡ ಅಂತಾಳೆ. ಎದುರಿಗೆ ಹೇಳಾಕೆ ಸಂಕೋಚ ಅವಳಿಗೆ. ಇದನ್ನೂ ಕೊಟ್ಟು ಬಾ ಅಂದ್ಲು" ಎಂದು, ಅವಳೇ ನೇಯ್ದು ಮಗನ ಕೈಯಲ್ಲಿ ತೇಜಶ್ರೀಗೆ ಕಳಿಸಿದ್ದ ಸೀರೆಯ ಕವರು ನೀಡಿದ. ಈಶ್ವರಮ್ಮ ಲಾಳಿ ಪಕ್ಕಕ್ಕಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಕವರು ತೆಗೆದುಕೊಂಡಳು. "ಅಮ್ಮಾಯೇ ಹಂಗಂದ್ಲಾ ಅಣ್ಣಾ?" "ಹೌದಮ್ಮ, ಅವಳೇ." ಅವಳು ಸೀರೆಯನ್ನು ಹೊರಗೆ ತೆಗೆದು ಅಂಚಿನುದ್ದಕ್ಕೂ ಬೆರಳಾಡಿಸಿದಳು. "ಮಡಿಕೆ ಬಿಚ್ಚಿಲ್ಲ" ಎಂದಳು. ಬಿಚ್ಚದೇ ಇದ್ದದ್ದು ಬೇಡವಾದ್ದಕ್ಕೋ, ಮದುವೆಯ ದಿನಕ್ಕೆಂದು ಮೀಸಲಿಟ್ಟದ್ದಕ್ಕೋ ಎಂದು ಅವಳು ಕೇಳಲಿಲ್ಲ. "ಸರೆ ಅಣ್ಣಾ. ಮಾ ವಾಡಿಕಿ, ನಮ್ ಹುಡುಗಂಗೆ, ನಾನು ಹೇಳ್ತೀನಿ. ಇನ್ನ ಆಕೀನ್ನ ಮಾತಾಡಿಸಬ್ಯಾಡ ಅಂತ ಹೇಳ್ತೀನಿ" ಎಂದು ಮತ್ತೆ ಲಾಳಿ ಕೈಗೆತ್ತಿಕೊಂಡಳು. ಅವಳು ಅತ್ತಿದ್ದರೆ, ಬೈದಿದ್ದರೆ, ಅವನು ಎಷ್ಟೋ ಹಗುರಾಗಿ ಕಾರು ಹತ್ತುತ್ತಿದ್ದ.

ಅವಳು ಹೇಳಿದ ಹಾಗೆಯೇ ಮಾಡಿದ್ದಳು. ಹುಡುಗ, ನಿಮಗೆ ಒಳ್ಳೇದಾಗಲಿ ಎಂದು ಒಂದು ಮೆಸೇಜು ಕಳಿಸಿ ಸುಮ್ಮನಾದ. ಫೋನು ಎತ್ತಲಿಲ್ಲ. ಹೈಸ್ಕೂಲಿನ ಕೆಲಸವನ್ನೂ ಬಿಟ್ಟನಂತೆ. ಮರ್ಯಾದಸ್ಥರ ಬಾಯಿ ಮುಚ್ಚಿಸುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ಅವರ ಮಾನವನ್ನೇ ನಂಬಿಕೊಂಡು ಅವರಿಗೆ ಮೋಸ ಮಾಡಿದ್ದ. ಗೆದ್ದಿದ್ದ. ತೇಜಶ್ರೀ ಮಾತ್ರ, ಅಷ್ಟೇನಾ ಅವನ ಯೋಗ್ಯತೆ, ಎಂದು ಒಮ್ಮೆ ತನಗೆ ತಾನೇ ಅಂದುಕೊಂಡಿದ್ದನ್ನು ಬಾಗಿಲಾಚೆಯಿಂದ ಕೇಳಿಸಿಕೊಂಡ ದಿನದಿಂದ ಕಲ್ಲೇಶಪ್ಪ ಉಣ್ಣುವ ತಟ್ಟೆಯಲ್ಲೆಲ್ಲ ತಪ್ಪು ಹುಡುಕುತ್ತಿದ್ದ. ಎಲ್ಲರ ಮೇಲೂ ಸಿಡುಕುತ್ತಿದ್ದ. ಎಲ್ಲರೂ ಮುಂಚಿಗಿಂತ ಮುಠ್ಠಾಳರಾಗಿ ಕಾಣುತ್ತಿದ್ದರು.

ತಿಂಡಿ ಮುಗಿಸಿ ದಂಡೆಗೆ ಬಂದರು. ನೀರು ಹಿಂದೆ ಸರಿದು ಕರೀ ಬಂಡೆಗಳ ಬೆನ್ನು ಕಾಣುತ್ತಿತ್ತು. ಕಳೆದ ಸಲ ಇದ್ದ ಬಣ್ಣವೇ ನೀರಿಗೆ ಇದ್ದಿರಬೇಕು, ಆದರೆ ಅವನಿಗೆ ಯಾರೋ ಮೋಸ ಮಾಡಿದ ಹಾಗನ್ನಿಸಿತು. ಹೊಸದಾಗಿ ಮದುವೆಯಾದ ಜೋಡಿಗಳು ಒಂದೇ ಥರದ ಹೂವಿನ ಅಂಗಿ ತೊಟ್ಟು ಒಂದೇ ಥರ ಕೈ ಚಾಚಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಇವರ ಸಂತೋಷಕ್ಕೂ ಅಂಗಡಿಯಲ್ಲಿ ಅಳತೆ ಕೊಟ್ಟು ಬಂದಿರಬೇಕು. "ತೇಜೂ, ಚಿಪ್ಪು ಆರ್ಸಾಣ ಬಾ. ಹೋದ್ಸಲ ಒಂದು ಡಬ್ಬ ತುಂಬ್ಸಿದ್ದೆ, ನೆನಪೈತಾ?" ಎಂದ. "ನೆನಪೈತೆ" ಎಂದಳು, ಆದರೆ ಏಳಲಿಲ್ಲ. ಅವನೊಬ್ಬನೇ ಬಗ್ಗಿ ಬಗ್ಗಿ ಚಿಪ್ಪು ಹೆಕ್ಕತೊಡಗಿದ. ಕಾವಲಿನವನೊಬ್ಬ ದೂರದಿಂದ ಸೀಟಿ ಊದಿ, ಚಿಪ್ಪು ತೆಗೆಯಬಾರದು, ಹಾಕಿ ಕೆಳಗೆ, ಎಂದು ಹಿಂದಿಯಲ್ಲಿ ಗದರಿದ. ಚಳ್ಳಕೆರೆಯಲ್ಲಿ ಕಲ್ಲೇಶಪ್ಪನಿಗೆ ಹಾಗೆ ಗದರುವ ಗಂಡಸು ಹುಟ್ಟಿರಲಿಲ್ಲ. ಮುಷ್ಟಿ ಬಿಚ್ಚಿದ. ಹೂವಿನ ಅಂಗಿಯ ಜೋಡಿಯೊಂದು ನಕ್ಕಿತು. ಮಗಳು ನಗಲಿಲ್ಲ, ಅವನನ್ನು ನೋಡಿ ಕನಿಕರದಿಂದ ತಲೆ ತಗ್ಗಿಸಿದಳು. ನಕ್ಕಿದ್ದರೇ ವಾಸಿಯಿತ್ತು.

ಮರದ ಕೆಳಗೆ ಅವನ ತಾಯಿ ಬೋರಕ್ಕ ಕೂತಿದ್ದಳು. ಅವಳನ್ನು ಕರೆತಂದದ್ದೇ ತಪ್ಪು ಎಂದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೇ ಅವನಿಗೆ ಅನ್ನಿಸಿತ್ತು. ಎಷ್ಟು ಹೇಳಿದರೂ ಕೇಳದೆ ಕರೀ ಕಂಬಳಿಯನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದಳು. ಬೇಸಿಗೆಯ ಸಮುದ್ರಕ್ಕೆ ಹೊರಟವಳು ಕಂಬಳಿ ಹೊತ್ತಿದ್ದಾಳೆಂದು ತಪಾಸಣೆಯ ಹುಡುಗಿ ನಕ್ಕಾಗ, ಇವಳೂ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕು, "ಇದು ಬಿಟ್ರೆ ನಂಗೆ ನಿದ್ದಿ ಬರಲ್ಲ ಕಣವ್ವ" ಎಂದಿದ್ದಳು. ಕಲ್ಲೇಶಪ್ಪ ಆ ಸಾಲಿನಿಂದಲೇ ದೂರ ಸರಿದು, ತಾನು ಬೇರೆಯವರ ಕಡೆಯವನೆಂಬಂತೆ ನಿಂತಿದ್ದ. ಕುರಿ ಮಂದೆಯ ವಾಸನೆ ಹೊಡೆಯುವ ಆ ಕಂಬಳಿ ಅವನ ಹುಟ್ಟೂರು ದೇವಸಮುದ್ರದಲ್ಲಿದ್ದ ತಾತನದು. ತಾತ ಹಟ್ಟಿಯ ಯಜಮಾನ. ಜಗಳ, ಕಳ್ಳತನ, ಗಂಡ ಹೆಂಡಿರ ತಕರಾರು ಏನೇ ಬಂದರೂ ಬೇವಿನ ಮರದ ಕೆಳಗೆ ಇದನ್ನೇ ಹಾಸುತ್ತಿದ್ದ. ಚಪ್ಪಲಿ ಬಿಟ್ಟು ಅದರ ಮೇಲೆ ಕೂತವರು ಸುಳ್ಳು ಹೇಳುವ ಹಾಗಿರಲಿಲ್ಲ. ಹೇಳಿದರೆ ಏನಾಗುತ್ತದೆ ಎಂದು ಯಾರೂ ನೋಡಿರಲಿಲ್ಲ, ಏಕೆಂದರೆ ಯಾರೂ ಹೇಳಿರಲಿಲ್ಲ.

ಚಿಕ್ಕಂದಿನಲ್ಲಿ ಅವನು ನೋಡಿದ ಒಂದು ನ್ಯಾಯ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಯಾರ ಕುರಿಯೆಂದು ಹೇಳುವ ಕಿವಿ ಗುರುತು ಕೆಡಿಸಿ ಪಕ್ಕದ ಮಂದೆಯ ಟಗರು ಸೇರಿಸಿಕೊಂಡಿದ್ದಾನೆಂದು ಚಂದ್ರಣ್ಣನೆಂಬವನ ಮೇಲೆ ದೂರು. ಚಂದ್ರಣ್ಣ ಬಾಯಾಳಿ. ಎಲ್ಲರನ್ನೂ ಬೈಯುತ್ತ, ಸವಾಲು ಹಾಕುತ್ತ ಬಂದವನು ಕಂಬಳಿಯ ಅಂಚಿಗೆ ಬಂದು ನಿಂತುಬಿಟ್ಟ. ಬಾರಪ್ಪ, ಕುಂತ್ಕ, ಅಂದರು. ನಿಂತೇ ಇದ್ದ. ಬಿಸಿಲು ಏರಿತು. ಯಾರೂ ಅವನನ್ನು ಏನೂ ಕೇಳಲಿಲ್ಲ. ಕೊನೆಗೆ ತಾತ ಎದ್ದು, ನ್ಯಾಯ ಮುಗೀತು, ಏಳ್ರಪ್ಪ, ಎಂದ. ಆ ಎಳೆಯ ಪ್ರಾಯದಲ್ಲಿಯೇ ಕಲ್ಲೇಶಪ್ಪನಿಗೆ ಚಂದ್ರಣ್ಣನ ಮೇಲೆ ಎಂಥ ಹೇಸಿಗೆ ಹುಟ್ಟಿತ್ತೆಂದರೆ! ಟಗರು ಕದ್ದದ್ದಕ್ಕಲ್ಲ. ಕುರಿ ಉಣ್ಣೆಯ ಒಂದು ತುಂಡಿಗೆ ಹೆದರಿದ್ದಕ್ಕೆ. ಹತ್ತಿ ಕೂತು, ನಾನು ಕದ್ದಿಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ದಡ್ಡ. ದೇವಸಮುದ್ರ ಬಿಟ್ಟು ಚಳ್ಳಕೆರೆಗೆ ಬಂದು, ಮಿಲ್ಲು ಹಾಕಿ, ನಾಲ್ಕು ಜನ ನಮಸ್ಕರಿಸುವ ಮನುಷ್ಯನಾದದ್ದೇ ಅಂಥ ದಡ್ಡರಿಂದ ದೂರ ಇರಲು ಎಂದು ಅವನು ನಂಬಿದ್ದ. ಬೋರಕ್ಕ ಮಾತ್ರ ಅದೇ ಕಥೆಯನ್ನು ಮೊಮ್ಮಗಳಿಗೆ ಹೇಳಿ ಹೇಳಿ ಬೆಳೆಸಿದ್ದಳು. ಊಟ ಬೇಡವೆಂದು ಹಟ ಹಿಡಿದಾಗ, ಸುಳ್ಳು ಹೇಳಿ ಸಿಕ್ಕಿಬಿದ್ದಾಗ, ಜ್ವರ ಬಂದು ಮಲಗಿದಾಗ, ಅದೇ ಚಂದ್ರಣ್ಣ, ಅದೇ ಟಗರು.

ಮಧ್ಯಾಹ್ನದ ಹೊತ್ತಿಗೆ ಅವನು ನೀರಿಗಿಳಿದ. ಒಬ್ಬನೇ ಇಳಿದ. ಪ್ರೇಮಲತಾ, ನಂಗೆ ಉಪ್ಪು ನೀರು ಆಗಲ್ಲ ಕಣ್ರೀ, ಎಂದು ಪಾರಾದಳು. ಇಪ್ಪತ್ತೈದು ವರ್ಷ ಸಂಸಾರ ಮಾಡಿದರೂ ಇವಳಿಗೆ ಆಗುವುದು ಏನೆಂದು ಅವನಿಗೆ ತಿಳಿದಿರಲಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ನಿಂತು ದಂಡೆಯ ಕಡೆ ನೋಡಿದ. ಇಲ್ಲಿಂದ ಮೂವರೂ ಚಿಕ್ಕದಾಗಿ ಕಾಣುತ್ತಿದ್ದರು. ಮಗಳು ಫೋನನ್ನು ಮೇಲಕ್ಕೆತ್ತಿ ಸಿಗ್ನಲ್ ಹುಡುಕುತ್ತಿದ್ದಳು. ಸಿಕ್ಕರೂ ಆ ಹುಡುಗ ಎತ್ತುವುದಿಲ್ಲ, ಅವನ ಅವ್ವ ಬಿಡುವುದಿಲ್ಲ. ಇನ್ನು ಸೀರೆಯ ವಿಷಯ. ಮನೆಗೆಲಸದ ಕೊಟ್ರಮ್ಮನ ಮೇಲೆ ಹಾಕಬಹುದು. ಬಾಯಿಬಿಟ್ಟು ಹೇಳುವುದೂ ಬೇಡ, ಅವಳ ಹೆಸರೆತ್ತಿ ಸುಮ್ಮನಾದರೆ ಸಾಕು, ಪ್ರೇಮಲತಾ ಉಳಿದದ್ದನ್ನು ತಾನೇ ಕಟ್ಟಿಕೊಳ್ಳುತ್ತಾಳೆ. ಎಷ್ಟು ಬೇಗ ಹೊಳೆಯಿತಲ್ಲ ಎಂದು ಖುಷಿಯಾಯಿತು. ಖುಷಿಯಾದದ್ದಕ್ಕೆ ಬಾಯಲ್ಲಿ ಉಪ್ಪುನೀರು ಕುಡಿದಂತೆ ಆಯಿತು. ಥೂ, ಎಂದು ಉಗಿದ. ಇಷ್ಟು ದಿನ ಎಲ್ಲರಿಗೂ ಹಂಚುತ್ತಿದ್ದ ಆ ಥೂ ಒಮ್ಮೆಯಾದರೂ ತನ್ನ ಕಡೆ ತಿರುಗಿತೇನೋ ಎನ್ನಿಸಿ, ಅಲ್ಲಿಂದ ಅವಸರವಾಗಿ ಹೊರಟ.

ದಂಡೆಗೆ ಬರುವಷ್ಟರಲ್ಲಿ ಮರದ ನೆರಳು ಅತ್ತ ಸರಿದಿತ್ತು. ಮರಳು ಬಾಣಲೆಯ ಹಾಗೆ ಕಾದಿತ್ತು. ಬೋರಕ್ಕ ಕಂಬಳಿ ಬಿಚ್ಚಿ, ನಾಲ್ಕೂ ಮೂಲೆ ಎಳೆದು, ಸುಕ್ಕಿಲ್ಲದ ಹಾಗೆ ಹಾಸಿದ್ದಳು. ಮೂವರೂ ಚಪ್ಪಲಿ ಬಿಟ್ಟು ಅದರ ಮೇಲೆ ಕೂತಿದ್ದರು. ಅವನು ಬಿಟ್ಟುಹೋಗಿದ್ದ ಚಪ್ಪಲಿಯನ್ನು ಯಾರೋ ಆಚೆ ಬದಿಗೆ ಸರಿಸಿಟ್ಟಿದ್ದರು. ಕುಣಿಯುವಂತೆ ಕಾಲೆತ್ತಿ ಹಾಕುತ್ತ ಓಡಿಬಂದ ಕಲ್ಲೇಶಪ್ಪ ಕಂಬಳಿಯ ಅಂಚಿಗೆ ಬಂದು ನಿಂತ.

"ಬಾರ್ಲೇ ಕಲ್ಲೇಶ, ಕುಂತ್ಕ. ಕಾಲು ಸುಡ್ತಾವೆ" ಎಂದಳು ಬೋರಕ್ಕ, ಅತ್ತಿತ್ತ ಸರಿದು ಜಾಗ ಮಾಡುತ್ತ.

"ಚಡ್ಡಿ ಒದ್ದೆ ಐತೆ ಅವ್ವ."

"ಕಂಬ್ಳಿ ನೀರು ಕಾಣದ್ದಾ? ಎಷ್ಟು ಮಳಿ ಕುಡ್ದೈತೆ ಅದು. ಕುಂತ್ಕ ಬಾ."

"ಬ್ಯಾಡ. ಹಿಂಗೇ ಇರ್ತೀನಿ."

ಅವಳು ಬಿಸಿಲಿಗೆ, ಬೆನ್ನುನೋವಿಗೆ ಕಂಬಳಿ ಹಾಸಿದ್ದಳು, ಬೇರೆ ಯಾತಕ್ಕೂ ಅಲ್ಲ. ಅವಳ ಮುಖದಲ್ಲಿ ಏನೂ ಇರಲಿಲ್ಲ. ಇಲ್ಲಿ ಬೇವಿನ ಮರವಿಲ್ಲ, ತಾತನಿಲ್ಲ, ದೂರು ಕೊಟ್ಟವರಿಲ್ಲ. ಕುರಿ ಉಣ್ಣೆ, ಅಷ್ಟೇ, ಎಂದು ತನಗೆ ಹೇಳಿಕೊಂಡು ಕಾಲೆತ್ತಿದ. ಎತ್ತಿದ ಕಾಲನ್ನು ಮತ್ತೆ ಮರಳಿನ ಮೇಲೇ ಇಟ್ಟ. ಸುತ್ತು ಹಾಕಿ ಹೋಗಿ ಚಪ್ಪಲಿ ಮೆಟ್ಟಿಕೊಳ್ಳಬಹುದೆಂದು ಗೊತ್ತಿತ್ತು. ಅದೂ ಆಗಲಿಲ್ಲ. ಅಂಗಾಲು ಬೊಬ್ಬೆ ಎದ್ದ ಹಾಗೆ ಉರಿಯುತ್ತಿತ್ತು. "ಏನ್ರೀ ನೀವು, ಮಕ್ಕಳ ಥರ" ಎಂದಳು ಪ್ರೇಮಲತಾ. ಅವನು ನಗಲು ನೋಡಿದ. ಆಗ ತೇಜಶ್ರೀ ಫೋನಿನಿಂದ ಕಣ್ಣೆತ್ತಿ ಅವನ ಕಾಲು ನೋಡಿದಳು. ಕಂಬಳಿಯ ಅಂಚು ನೋಡಿದಳು. ಅನಂತರ ಅವನ ಮುಖ ನೋಡಿದಳು.

"ಅಪ್ಪ, ಕುಂತ್ಕೊ" ಎಂದಳು.

"ಇರ್ಲಿ ಬಿಡವ್ವ."

"ಕುಂತ್ಕೊ ಅಪ್ಪ."

ಅವನು ಸಮುದ್ರದ ಕಡೆ ತಿರುಗಿದ. ಅವಳು ಫೋನನ್ನು ಮಡಿಲಲ್ಲಿಟ್ಟಳು. ಆಮೇಲೆ ತೀರ ಮೆಲ್ಲಗೆ, "ಮೊಳಕಾಲ್ಮುರಿಗೆ ಹೋಗಿದ್ಯಾ?" ಎಂದಳು.

ಅವನು ನಿಂತಿದ್ದದ್ದು ಮರಳಿನ ಮೇಲೆ. ಇಲ್ಲಿ ಏನು ಬೇಕಾದರೂ ಹೇಳಬಹುದಿತ್ತು. ಕೊಟ್ರಮ್ಮ ಸಿದ್ಧವಾಗಿ ಬಾಯಲ್ಲೇ ಇದ್ದಳು. "ಕಾಲು ಸುಡ್ತೈತೆ" ಎಂದ. ಬಾಯಿಗೆ ಬಂದದ್ದು ಅದೊಂದೇ. ತೇಜಶ್ರೀ ಎದ್ದಳು. ಅವಳ ಕಣ್ಣಿನಲ್ಲಿ ಸಿಟ್ಟು ಇದ್ದಿದ್ದರೆ ಅವನು ಎದುರಿಸುತ್ತಿದ್ದ. ಇದ್ದದ್ದು ಅವನಿಗೆ ಚೆನ್ನಾಗಿ ಗೊತ್ತಿದ್ದ ನೋಟ, ಬೆಳಿಗ್ಗೆ ತಟ್ಟೆ ಪೇರಿಸಿಕೊಂಡವನ ಮೇಲೆ ತಾನೇ ಬೀರಿದ ನೋಟ. ಅವಳು ಚಪ್ಪಲಿ ಮೆಟ್ಟಿ, ಫೋನು ಹಿಡಿದು, ಜೆಟ್ಟಿಯ ಕಡೆ ನಡೆದಳು. ಅವಳು ಓಡಲೂ ಇಲ್ಲ, ಹಿಂದಿರುಗಿ ನೋಡಲೂ ಇಲ್ಲ. ಅವಳು ಈಗ ಯಾರಿಗೆ ಫೋನು ಮಾಡುತ್ತಾಳೆ, ಓಬಳೇಶ್ ಎತ್ತದಿದ್ದರೆ ಅವನ ಅವ್ವನಿಗೆ ಹೇಗೆ ಮಾಡುತ್ತಾಳೆ, ಏನು ಹೇಳುತ್ತಾಳೆ, ಎಲ್ಲವೂ ಕಲ್ಲೇಶಪ್ಪನಿಗೆ ಕಂಡಿತು. ಮುಚ್ಚಿಡಲು ಏನೂ ಉಳಿಯಲಿಲ್ಲ. ಆಗ ಕಾಲು ತಾನಾಗಿ ಎದ್ದಿತು. ಮಗಳು ಎದ್ದುಹೋದ ಜಾಗದಲ್ಲಿ ಕೂತ. ಕಂಬಳಿ ಚುಚ್ಚುತ್ತಿತ್ತು. ಕುರಿಯ ವಾಸನೆ, ಅವ್ವನ ಎಲೆಯಡಿಕೆಯ ವಾಸನೆ, ದೇವಸಮುದ್ರದ ಮಳೆಗಾಲ ಮೂಗಿಗೆ ಬಂದವು.

"ಹುಡ್ಗಿ ಯಾಕಂಗೆ ಎದ್ದೋದ್ಲು?" ಎಂದಳು ಬೋರಕ್ಕ.

ಅವಳು ಸುಮ್ಮನೆ ಕೇಳಿದ್ದಳು. ಪ್ರೇಮಲತಾ ಕೂಡ ಅವನ ಕಡೆ ತಿರುಗಿದಳು.

"ಆ ಹುಡುಗನ ಮನಿಗೆ ಹೋಗಿದ್ದೆ ಅವ್ವ" ಎಂದ. ಮಾತು ತಡೆಯದೆ ಬಂತು. "ಇವಳೇ ಬ್ಯಾಡ ಅಂದ್ಲು ಅಂತ ಅವನ ಅವ್ವಗೆ ಹೇಳ್ಬಂದೆ. ಸೀರೇನೂ ಇವಳೇ ಕಳಿಸಿದ್ಲು ಅಂತ ಕೊಟ್ಬಂದೆ."

"ಇವಳು ಅಂದಿದ್ಲಾ?"

"ಇಲ್ಲ."

ಪ್ರೇಮಲತಾ ಅಯ್ಯೋ ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಬೋರಕ್ಕ ಜೆಟ್ಟಿಯ ಕಡೆ ಚಿಕ್ಕದಾಗುತ್ತ ಹೋಗುತ್ತಿದ್ದ ಮೊಮ್ಮಗಳನ್ನೇ ನೋಡುತ್ತಿದ್ದಳು. ಆಮೇಲೆ ಅವಳ ಕೈ ಅವನ ಮಂಡಿಯ ಕಡೆ ಬಂತು. ತನ್ನನ್ನು ಮುಟ್ಟುತ್ತಾಳೆಂದು, ಲೇ ಕಲ್ಲೇಶ ಎಂದು ತಲೆ ಸವರುತ್ತಾಳೆಂದು ಐವತ್ತು ದಾಟಿದ ಅವನು ಮಗುವಿನಂತೆ ಬಗ್ಗಿದ. ಅವಳ ಕೈ ಅವನ ಮಂಡಿ ದಾಟಿ ಕಂಬಳಿಯ ಅಂಚು ಹಿಡಿಯಿತು.

"ಏಳು" ಎಂದಳು.

"ಯಾಕವ್ವ?"

"ಏಳೋ. ಕಂಬ್ಳಿ ಝಾಡಿಸ್ಬೇಕು."

ಅವನು ಎದ್ದು ಮರಳಿನ ಮೇಲೆ ನಿಂತ.